ಆಪರೇಟಿಂಗ್ ಸಿಸ್ಟಂ ಮರುಸ್ಥಾಪಿಸದೆ ಹಾರ್ಡ್ ಡಿಸ್ಕನ್ನು ಬೇರೊಂದು ಗಣಕಯಂತ್ರಕ್ಕೆ ವರ್ಗಾಯಿಸುವುದು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಆನ್‌ಲೈನ್ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರ ಗಣಕಯಂತ್ರಗಳಲ್ಲಿ ಸ್ಕ್ಯಾನ್ ಮಾಡಿದ ದಾಖಲೆಗಳು, ಸ್ವೀಕೃತಿ ಪತ್ರಗಳು, ನುಡಿ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಮನವಿಗಳು ಹಾಗೂ ಡಿಜಿಟಲ್ ಸಹಿಯ ಟೋಕನ್‌ಗೆ ಬೇಕಾದ ತಂತ್ರಾಂಶಗಳು ಇರುತ್ತವೆ. ಮದರ್‌ಬೋರ್ಡ್ ಕೆಟ್ಟರೂ ಹಾರ್ಡ್ ಡಿಸ್ಕ್ ಸುಸ್ಥಿತಿಯಲ್ಲಿರುವ ಸಂದರ್ಭಗಳು ಅನೇಕ. ಅಂತಹ ಡಿಸ್ಕನ್ನು ಬೇರೆ ಗಣಕಯಂತ್ರಕ್ಕೆ ಜೋಡಿಸಿ, ತಂತ್ರಾಂಶಗಳ ಸಮೇತ ಬಳಕೆಯನ್ನು ಮುಂದುವರಿಸಲು ಸಾಧ್ಯವಿದೆ. ಆದರೆ ಪೂರ್ವಸಿದ್ಧತೆಯಿಲ್ಲದೆ ವರ್ಗಾಯಿಸಿದಲ್ಲಿ ಎಲ್ಲ ಕಡತಗಳೂ ಶಾಶ್ವತವಾಗಿ ಕೈತಪ್ಪುವ ಸಂಭವವಿರುತ್ತದೆ.

2. ಯಾವ ವ್ಯವಸ್ಥೆಗಳಿಗೆ ಅನ್ವಯ

ವಿಂಡೋಸ್ 10 ಮತ್ತು ವಿಂಡೋಸ್ 11 ಹೊಸ ಯಂತ್ರಾಂಶವನ್ನು ಮೊದಲ ಚಾಲನೆಯಲ್ಲಿ ತಾವಾಗಿಯೇ ಗುರುತಿಸಿ, ಲಭ್ಯವಿರುವ ಡ್ರೈವರ್‌ಗಳನ್ನು ಅಳವಡಿಸಿಕೊಳ್ಳುತ್ತವೆ. ವಿಂಡೋಸ್ ಎಕ್ಸ್‌ಪಿ ಹೊಂದಿರುವ ಡಿಸ್ಕ್ ಬೇರೆ ಮದರ್‌ಬೋರ್ಡ್‌ನಲ್ಲಿ ನೀಲಿ ಪರದೆ ತೋರಿಸಿ ನಿಲ್ಲುವುದೇ ಹೆಚ್ಚು. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಹಾಗೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಲಿನಕ್ಸ್ ವ್ಯವಸ್ಥೆಗಳಲ್ಲಿ ಬಹುತೇಕ ಡ್ರೈವರ್‌ಗಳು ಕರ್ನಲ್‌ನ ಜೊತೆಯಲ್ಲಿಯೇ ಇರುವುದರಿಂದ ವರ್ಗಾವಣೆ ಸಾಮಾನ್ಯವಾಗಿ ಸುಲಭ.

3. ಡಿಸ್ಕನ್ನು ಕಳಚುವ ಮುನ್ನ

(ಅ) ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕ್ ಅಥವಾ ಪೆನ್‌ಡ್ರೈವ್‌ನಲ್ಲಿ ಇರಿಸಿಕೊಳ್ಳತಕ್ಕದ್ದು.

(ಆ) ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲ್ತಿಯಲ್ಲಿದೆಯೇ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಪರಿಶೀಲಿಸುವುದು. ಇತ್ತೀಚಿನ ಅನೇಕ ಗಣಕಗಳಲ್ಲಿ ಇದು ಬಳಕೆದಾರರ ಗಮನಕ್ಕೆ ಬಾರದೆಯೇ ಚಾಲ್ತಿಯಲ್ಲಿರುತ್ತದೆ. ಡಿಸ್ಕನ್ನು ತೆರೆಯುವ ಕೀಲಿಯು ಹಳೆಯ ಗಣಕದ ಟಿಪಿಎಂ ಎಂಬ ಭದ್ರತಾ ಘಟಕಕ್ಕೆ ಬೆಸೆದುಕೊಂಡಿರುವುದರಿಂದ, ಹೊಸ ಗಣಕವು 48 ಅಂಕಿಗಳ ರಿಕವರಿ ಕೀಯನ್ನು ಕೇಳುತ್ತದೆ. ಆದಕಾರಣ ಎನ್‌ಕ್ರಿಪ್ಷನ್ ಅನ್ನು ಪೂರ್ಣವಾಗಿ ತೆಗೆದುಹಾಕುವುದು ಉತ್ತಮ. ಇದಕ್ಕೆ ಕೆಲವು ಗಂಟೆಗಳೇ ಹಿಡಿಯಬಹುದು. ಇಲ್ಲವಾದಲ್ಲಿ ಕೀಯನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳತಕ್ಕದ್ದು.

(ಇ) ಖಾತೆಯ ಪಾಸ್‌ವರ್ಡ್ ನೆನಪಿನಲ್ಲಿರತಕ್ಕದ್ದು. ಲಾಗಿನ್‌ಗೆ ಬಳಸುವ ಪಿನ್ ಕೂಡ ಹಳೆಯ ಗಣಕಕ್ಕೇ ಸೀಮಿತವಾಗಿರುವುದರಿಂದ ಹೊಸ ಗಣಕದಲ್ಲಿ ನಡೆಯದಿರಬಹುದು.

(ಈ) ಹೊಸ ಗಣಕದ ನೆಟ್‌ವರ್ಕ್ ಡ್ರೈವರನ್ನು ಮುಂಚಿತವಾಗಿ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುವುದು. ಅಂತರಜಾಲ ಸಂಪರ್ಕ ದೊರೆತರೆ ಉಳಿದ ಡ್ರೈವರ್‌ಗಳನ್ನು ಪಡೆಯುವುದು ಸುಲಭ.

(ಉ) ‘ಸಿಸ್ಟಂ ಇನ್ಫರ್ಮೇಷನ್’ ಪುಟದಲ್ಲಿ ‘ಬಯೋಸ್ ಮೋಡ್’ ಎದುರು ಯುಇಎಫ್‌ಐ ಎಂದಿದೆಯೇ ಅಥವಾ ಲೆಗಸಿ ಎಂದಿದೆಯೇ ಎಂಬುದನ್ನು ಬರೆದಿಟ್ಟುಕೊಳ್ಳುವುದು.

4. ಜೋಡಣೆ ಮತ್ತು ಮೊದಲ ಚಾಲನೆ

ವಿದ್ಯುತ್ ಸಂಪರ್ಕ ತೆಗೆದ ನಂತರವೇ ಡಿಸ್ಕನ್ನು ಕಳಚುವುದು. ಸಾಟಾ ಡಿಸ್ಕ್‌ಗೆ ಸಾಟಾ ಕೇಬಲ್, ಎನ್‌ವಿಎಂಇ ಡಿಸ್ಕ್‌ಗೆ ಅದಕ್ಕೆ ಹೊಂದುವ ಎಂ.2 ಸ್ಲಾಟ್ ಹೊಸ ಗಣಕದಲ್ಲಿ ಇರಬೇಕು. ಬಳಿಕ ಬಯೋಸ್‌ನಲ್ಲಿ ಬೂಟ್ ಮೋಡನ್ನು ಹಳೆಯ ಗಣಕದಲ್ಲಿದ್ದಂತೆಯೇ ಹೊಂದಿಸತಕ್ಕದ್ದು. ಡಿಸ್ಕ್ ನಿಯಂತ್ರಕದ ಕ್ರಮವೂ (ಎಎಚ್‌ಸಿಐ ಅಥವಾ ರೇಡ್) ಮೊದಲಿನಂತೆಯೇ ಇದ್ದರೆ ಒಳಿತು. ಅದು ಬದಲಾದಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ದೋಷ ಸಂದೇಶ ಕಾಣಿಸಿಕೊಳ್ಳಬಹುದು. ಮೊದಲ ಚಾಲನೆ ನಿಧಾನವಾಗಿದ್ದು, ಗಣಕವು ಒಂದೆರಡು ಬಾರಿ ತಾನೇ ಮರುಚಾಲನೆಗೊಳ್ಳಬಹುದು. ನಡುವೆ ವಿದ್ಯುತ್ ಕಡಿತಗೊಳಿಸಬಾರದು.

5. ಪರವಾನಗಿ

ಗಣಕದೊಂದಿಗೆ ಬಂದ ಓಇಎಂ ಪರವಾನಗಿಯು ಆ ಗಣಕಕ್ಕೆ ಮಾತ್ರ ಅನ್ವಯಿಸುತ್ತದೆ. ಪ್ರತ್ಯೇಕವಾಗಿ ಖರೀದಿಸಿದ ರೀಟೇಲ್ ಪರವಾನಗಿಯನ್ನು ಹಳೆಯ ಗಣಕದಲ್ಲಿ ಬಳಕೆ ನಿಲ್ಲಿಸಿ ಹೊಸದಕ್ಕೆ ವರ್ಗಾಯಿಸಲು ಅವಕಾಶವಿದೆ. ವರ್ಗಾವಣೆಯ ನಂತರ ಸೆಟ್ಟಿಂಗ್ಸ್‌ನ ‘ಆಕ್ಟಿವೇಷನ್’ ಪುಟವನ್ನು ಪರಿಶೀಲಿಸುವುದು.

6. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಹಳೆಯ ಗಣಕ ಚಾಲನೆಯಾಗುತ್ತಲೇ ಇಲ್ಲ, ಎನ್‌ಕ್ರಿಪ್ಷನ್ ತೆಗೆಯುವುದು ಹೇಗೆ?
ಉತ್ತರ: ಮೊಬೈಲ್ ಅಥವಾ ಬೇರೆ ಗಣಕದಿಂದ ತಮ್ಮ ಮೈಕ್ರೋಸಾಫ್ಟ್ ಖಾತೆಗೆ ಪ್ರವೇಶಿಸಿ, ಅಲ್ಲಿ ರಿಕವರಿ ಕೀ ಉಳಿದಿದೆಯೇ ನೋಡಬೇಕು. ಕಚೇರಿಯ ಗಣಕವಾದಲ್ಲಿ ಅಲ್ಲಿನ ಗಣಕ ನಿರ್ವಾಹಕರನ್ನು ಸಂಪರ್ಕಿಸಬೇಕು.

ಪ್ರಶ್ನೆ: ಕೀ ಎಲ್ಲಿಯೂ ದೊರೆಯದಿದ್ದರೆ?
ಉತ್ತರ: ಕಡತಗಳನ್ನು ಮರಳಿ ಪಡೆಯಲಾಗದು. ತಯಾರಕ ಸಂಸ್ಥೆಯೂ ಹೊಸ ಕೀ ನೀಡಲಾರದು.

ಪ್ರಶ್ನೆ: ವಿಂಡೋಸ್ ಚಾಲನೆಯಾಗದಿದ್ದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?
ಉತ್ತರ: ಕೂಡದು. ಯುಎಸ್‌ಬಿ ಅಡಾಪ್ಟರ್ ಮೂಲಕ ಅದನ್ನು ಸುಸ್ಥಿತಿಯಲ್ಲಿರುವ ಗಣಕಕ್ಕೆ ಜೋಡಿಸಿ ಮೊದಲು ಕಡತಗಳನ್ನು ನಕಲು ಮಾಡಿಕೊಳ್ಳಬೇಕು. ‘ಇನಿಷಿಯಲೈಸ್’ ಅಥವಾ ‘ಫಾರ್ಮ್ಯಾಟ್’ ಮಾಡುವಂತೆ ಸೂಚನೆ ಬಂದಲ್ಲಿ ಒಪ್ಪಬಾರದು.

7. ಸೂಚನೆ

ದುರಸ್ತಿಗಾಗಿ ಗಣಕವನ್ನು ಅಂಗಡಿಗೆ ನೀಡುವವರು ರಿಕವರಿ ಕೀ ಮುದ್ರಿಸಿದ ಹಾಳೆಯನ್ನು ಗಣಕದ ಜೊತೆಯಲ್ಲಿ ನೀಡದೆ ತಮ್ಮಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಅರ್ಜಿ ಸಲ್ಲಿಕೆಯ ಕೊನೆಯ ದಿನ ಸಮೀಪಿಸಿರುವಾಗ ವರ್ಗಾವಣೆಯನ್ನು ಕೈಗೊಳ್ಳದೆ, ಅರ್ಜಿಯನ್ನು ಸಲ್ಲಿಸಿದ ತರುವಾಯ ಕೈಗೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.