ಸ್ವಾಸ್ಥ್ಯವೂ ಸ್ವಾಧೀನತೆಯೂ: ಅಮೆರಿಕದ ಕಪ್ಪು ಸ್ತ್ರೀಯರ ಚರಿತ್ರೆಯಿಂದ

ನಮ್ಮ ವೈದ್ಯಗ್ರಂಥಗಳಲ್ಲಿ 'ಸ್ವಸ್ಥ' ಎಂಬ ಶಬ್ದಕ್ಕಿರುವ ಅರ್ಥವು ಬಹು ವಿಶಾಲವಾದುದು. ರೋಗವಿಲ್ಲದವನು ಎಂದಷ್ಟೇ ಅಲ್ಲ. ದೋಷಧಾತುಗಳ ಸಮತೆಯೊಡನೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯೂ ಯಾವನಲ್ಲಿರುವುದೋ ಅವನೇ ಸ್ವಸ್ಥನೆಂಬುದು ಸುಶ್ರುತಸಂಹಿತೆಯ ಅಭಿಪ್ರಾಯ. ಶಬ್ದವನ್ನು ಬಿಡಿಸಿ ನೋಡಿದರೆ ತನ್ನಲ್ಲಿ ತಾನು ನೆಲೆನಿಂತವನು ಸ್ವಸ್ಥ. ಹಾಗಾದರೆ, ಯಾರ ದೇಹವು ಪರರ ಸ್ವತ್ತಾಗಿರುವುದೋ ಅಂಥವರಿಗೆ ಸ್ವಾಸ್ಥ್ಯವೆಂಬುದು ಉಂಟೆ? ಇದು ತರ್ಕವಿನೋದಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆಫ್ರಿಕಾ ಮೂಲದ ಕಪ್ಪು ಸ್ತ್ರೀಯರು ಮುನ್ನೂರು ವರ್ಷಗಳಿಗೂ ಮಿಕ್ಕಿ ತಮ್ಮ ಬಾಳಿನಿಂದಲೇ ಉತ್ತರಿಸುತ್ತ ಬಂದ ಪ್ರಶ್ನೆ. ಆ ದೇಶದ ದಾಸ್ಯವಿಮೋಚನೆಯ ಕಥೆಯೂ ಲಿಂಕನ್ ಮಹಾಶಯನ ಹೆಸರೂ ನಮ್ಮ ವಾಚಕರಿಗೆ ಸುಪರಿಚಿತ. ಈ ಸ್ತ್ರೀಯರ ಆರೋಗ್ಯದ ಚರಿತ್ರೆಯಾದರೋ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

1662ರಲ್ಲಿ ವರ್ಜೀನಿಯಾ ವಸಾಹತಿನ ಶಾಸನಸಭೆಯು ಒಂದು ಕಾನೂನನ್ನು ಮಾಡಿತು. ಹುಟ್ಟುವ ಮಗುವು ತಾಯಿಯ ಸ್ಥಿತಿಯನ್ನು ಹೊಂದತಕ್ಕದ್ದು. ತಾಯಿ ದಾಸಿಯಾದರೆ ಮಗುವೂ ದಾಸ. ಆಂಗ್ಲರ ಪರಂಪರೆಯಲ್ಲಿ ಮಗುವಿಗೆ ಸಲ್ಲುತ್ತಿದ್ದುದು ತಂದೆಯ ಸ್ಥಾನಮಾನ. ಅದನ್ನು ಇಲ್ಲಿ ತಿರುವುಮುರುವು ಮಾಡಿದ ಪರಿಣಾಮವಾಗಿ, ಒಡೆಯನೇ ತಂದೆಯಾದರೂ ಮಗುವು ಅವನ ಆಸ್ತಿಯ ಪಟ್ಟಿಗೆ ಸೇರಿತು. (ಇದನ್ನೋದಿ ನಾವು ಹೆಮ್ಮೆಪಡುವುದಕ್ಕೂ ಕಾರಣವಿಲ್ಲ, ಮನುಸ್ಮೃತಿಯು ಎಣಿಸುವ ಏಳು ಬಗೆಯ ದಾಸರಲ್ಲಿ 'ಗೃಹಜ', ಎಂದರೆ ಮನೆಯ ದಾಸಿಯಲ್ಲಿ ಹುಟ್ಟಿದವನು, ಎಂಬುದೂ ಒಂದು.) 1808ರಿಂದ ಹೊರದೇಶದ ದಾಸರನ್ನು ತರುವುದು ನಿಷಿದ್ಧವಾದ ಮೇಲಂತೂ ಕಪ್ಪು ಸ್ತ್ರೀಯ ಗರ್ಭವೇ ತೋಟದ ಒಡೆಯರ ಸಂಪತ್ತಿನ ಮೂಲವಾಯಿತು. ಆಕೆಯ ಆರೋಗ್ಯವನ್ನು ಅವರು ಕಡೆಗಣಿಸಿದರೆಂದು ಹೇಳುವಂತಿಲ್ಲ. ಕರು ಹಾಕುವ ಹಸುವಿನ ಆರೋಗ್ಯವನ್ನು ಒಕ್ಕಲಿಗನು ಕಡೆಗಣಿಸುವನೆ? ಆದರೆ ಆ ಆರೋಗ್ಯವು ಆಕೆಯದಾಗಿರಲಿಲ್ಲ.

ಇಂಥ ಸ್ಥಿತಿಯಲ್ಲಿಯೂ ಆ ಸ್ತ್ರೀಯರ ಕೈಯಲ್ಲಿ ಉಳಿದುಕೊಂಡ ವಿದ್ಯೆಯೊಂದಿತ್ತು. ಪ್ರತಿಯೊಂದು ದೊಡ್ಡ ತೋಟದಲ್ಲಿಯೂ ಗಿಡಮೂಲಿಕೆಗಳನ್ನು ಬಲ್ಲ ವೃದ್ಧೆಯರೂ ಸೂಲಗಿತ್ತಿಯರೂ ಇದ್ದರು. ಆಫ್ರಿಕಾದಿಂದ ತಾಯಂದಿರು ತಂದ ತಿಳಿವಳಿಕೆ, ಆ ನೆಲದ ಮೂಲನಿವಾಸಿಗಳಿಂದ ಕಲಿತದ್ದು, ಅನುಭವದಿಂದ ಬಂದದ್ದು, ಇವೆಲ್ಲವೂ ಅದರಲ್ಲಿ ಸೇರಿದ್ದುವು. ದಾಸರ ಹೆರಿಗೆಗಳಲ್ಲದೆ ಎಷ್ಟೋ ಒಡತಿಯರ ಹೆರಿಗೆಗಳೂ ಇವರ ಕೈಯಿಂದಲೇ ನಡೆದುವು. ಹತ್ತಿಯ ಗಿಡದ ಬೇರಿನ ತೊಗಟೆಯನ್ನು ಅಗಿದರೆ ಗರ್ಭವು ನಿಲ್ಲದೆಂಬುದನ್ನು ದಾಸಿಯರು ಬಲ್ಲರೆಂದು ದಕ್ಷಿಣದ ಬಿಳಿಯ ವೈದ್ಯರು ದೂರಿ ಬರೆದಿರುವರು. ಹಗಲೆಲ್ಲ ಯಾವ ಗಿಡದ ಅರಳೆಯನ್ನು ಒಡೆಯನಿಗಾಗಿ ಬಿಡಿಸುತ್ತಿದ್ದರೋ, ಅದೇ ಗಿಡದ ಬೇರನ್ನು ರಾತ್ರಿ ತಮಗಾಗಿ ಅಗೆಯುತ್ತಿದ್ದರು.

ಇನ್ನು, ಆಧುನಿಕ ಸ್ತ್ರೀರೋಗವಿಜ್ಞಾನದ ಪಿತಾಮಹನೆಂದು ಬಹುಕಾಲ ಕೀರ್ತಿತನಾದ ಜೇಮ್ಸ್ ಮ್ಯಾರಿಯನ್ ಸಿಮ್ಸನ ವಿಷಯ. ಆಲಬಾಮಾ ಸಂಸ್ಥಾನದ ಮಾಂಟ್ಗಾಮರಿ ಪಟ್ಟಣದಲ್ಲಿ ಈತನು ವೈದ್ಯನಾಗಿದ್ದನು. ದೀರ್ಘಪ್ರಸವದಲ್ಲಿ ಮೂತ್ರಾಶಯದ ಗೋಡೆಯಲ್ಲಿ ರಂಧ್ರವಾಗಿ ಮೂತ್ರವು ಅನವರತ ಸೋರುವ ಘೋರವ್ಯಾಧಿಯೊಂದುಂಟು. ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಕಂಡುಹಿಡಿಯಬೇಕೆಂದು 1845ರಿಂದ 1849ರ ವರೆಗೆ ತನ್ನ ಮನೆಯ ಹಿಂದಿನ ಪುಟ್ಟ ಆಸ್ಪತ್ರೆಯಲ್ಲಿ ಹಲವು ದಾಸಿಯರ ಮೇಲೆ ಪ್ರಯೋಗ ನಡೆಸಿದನು. ಅವರಲ್ಲಿ ಮೂವರ ಹೆಸರನ್ನು ಅವನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿರುವನು: ಅನಾರ್ಕಾ, ಲೂಸಿ, ಬೆಟ್ಸಿ. ಅನಾರ್ಕಾ ಎಂಬುವಳಿಗೆ ಆಗ ಹದಿನೇಳರ ಆಸುಪಾಸಿನ ವಯಸ್ಸು. ಆಕೆಯೊಬ್ಬಳ ಮೇಲೆಯೇ ಸುಮಾರು 30 ಬಾರಿ ಶಸ್ತ್ರವನ್ನು ಪ್ರಯೋಗಿಸಿ, ಕಟ್ಟಕಡೆಗೆ ಬೆಳ್ಳಿಯ ತಂತಿಯ ಹೊಲಿಗೆಯಿಂದ ಅವನು ಸಫಲನಾದನು. ನೋವನ್ನು ಮರೆಸುವ ಈಥರಿನ ಉಪಯೋಗವು 1846ರಲ್ಲಿಯೇ ಬಾಸ್ಟನ್ನಿನಲ್ಲಿ ಪ್ರಕಟವಾಗಿತ್ತು. ಈ ಸ್ತ್ರೀಯರಿಗೆ ಅದು ದೊರೆಯಲಿಲ್ಲ.

ಆ ವ್ಯಾಧಿಯ ಯಾತನೆಯನ್ನು ನೋಡಿದರೆ ಆ ಸ್ತ್ರೀಯರು ಗುಣವಾಗಲೆಂದು ತಾವೇ ಬಯಸಿರಬಹುದೆಂದು ಸಿಮ್ಸನ ಪಕ್ಷದವರು ವಾದಿಸುವರು. ಬಯಸಿರಲೂಬಹುದು. ಆದರೆ 'ಬೇಡ' ಎನ್ನುವ ಅಧಿಕಾರವೇ ಇಲ್ಲದವರ 'ಹೂಂ' ಎಂಬುದಕ್ಕೆ ಬೆಲೆಯೇನು? ಒಪ್ಪಿಗೆ ಕೊಡಬೇಕಾದವನು ಒಡೆಯ, ಕೊಟ್ಟವನೂ ಒಡೆಯ. ಇದಕ್ಕಿಂತಲೂ ಗಮನಿಸತಕ್ಕ ಸಂಗತಿಯೊಂದಿದೆ. ಪ್ರಯೋಗಗಳು ಮೇಲಿಂದಮೇಲೆ ವಿಫಲವಾಗಲು ಸಿಮ್ಸನ ಬಿಳಿಯ ಸಹಾಯಕರು ಬೇಸತ್ತು ಬಿಟ್ಟುಹೋದರು. ಆಗ ಈ ರೋಗಿಗಳೇ ಒಬ್ಬರಿಗೊಬ್ಬರು ಶುಶ್ರೂಷೆ ಮಾಡಲೂ, ಶಸ್ತ್ರಕ್ರಿಯೆಯ ವೇಳೆಯಲ್ಲಿ ನೆರವಾಗಲೂ ಕಲಿತರು. ಈ ಅಂಶವನ್ನು ಡಿಯರ್ಡ್ರಿ ಕೂಪರ್ ಓವೆನ್ಸ್ ಎಂಬ ಚರಿತ್ರಕಾರರು 2017ರ ತಮ್ಮ ಗ್ರಂಥದಲ್ಲಿ ಒತ್ತಿ ಹೇಳಿರುವರು. ಆ ಶಾಸ್ತ್ರದ ಜನ್ಮಕಾಲದಲ್ಲಿ ಅದನ್ನು ಬಲ್ಲ ಬೆರಳೆಣಿಕೆಯ ಜನರಲ್ಲಿ ಈ ದಾಸಿಯರೂ ಸೇರಿದ್ದರೆಂದಾಯಿತು. ಗ್ರಂಥ ಬರೆದು ಕೀರ್ತಿ ಪಡೆದವನು ಮಾತ್ರ ಒಬ್ಬನೇ.

ಗ್ರಂಥವು ಅವರ ಕಡೆಯಿಂದಲೂ ಬಂದಿತು. ಅದಕ್ಕೆ ನಾಲ್ಕು ದಶಕ ಹಿಡಿಯಿತು. ರೆಬೆಕಾ ಲೀ ಕ್ರಂಪ್ಲರ್ ಎಂಬಾಕೆ 1831ರಲ್ಲಿ ಡೆಲವೇರಿನಲ್ಲಿ ಹುಟ್ಟಿ, ಪೆನ್ಸಿಲ್ವೇನಿಯಾದಲ್ಲಿ ಚಿಕ್ಕಮ್ಮನೊಬ್ಬಳ ಆಶ್ರಯದಲ್ಲಿ ಬೆಳೆದಳು. ಆ ಚಿಕ್ಕಮ್ಮನು ನೆರೆಹೊರೆಯ ರೋಗಿಗಳನ್ನು ನೋಡಿಕೊಳ್ಳುತ್ತಿದ್ದಳು; ಹುಡುಗಿಗೆ ವೈದ್ಯದ ಆಸೆ ಹುಟ್ಟಿದ್ದು ಅಲ್ಲಿಯೇ. ಎಂಟು ವರ್ಷ ದಾದಿಯಾಗಿ ದುಡಿದು, 1860ರಲ್ಲಿ ಬಾಸ್ಟನ್ನಿನ ಸ್ತ್ರೀಯರ ವೈದ್ಯಶಾಲೆಯನ್ನು ಸೇರಿ, 1864ರಲ್ಲಿ ಪದವಿಯನ್ನು ಪಡೆದಳು. ಆ ದೇಶದಲ್ಲಿ ವೈದ್ಯಪದವಿಯನ್ನು ಗಳಿಸಿದ ಮೊದಲನೆಯ ಕಪ್ಪು ಸ್ತ್ರೀ ಈಕೆಯೇ. ಎರಡನೆಯವಳಾದ ರೆಬೆಕಾ ಕೋಲಳು 1867ರಲ್ಲಿ ಪದವೀಧರೆಯಾದುದು ಫಿಲಡೆಲ್ಫಿಯಾದ ಸ್ತ್ರೀವೈದ್ಯಶಾಲೆಯಲ್ಲಿ. ನಮ್ಮ ದೇಶದ ಆನಂದಿಬಾಯಿ ಜೋಶಿಯವರು 1886ರಲ್ಲಿ ಪದವಿ ಪಡೆದುದೂ ಅದೇ ಶಾಲೆಯಲ್ಲಿಯೇ. ಅಂತರ್ಯುದ್ಧ ಮುಗಿದೊಡನೆ ಕ್ರಂಪ್ಲರಳು ವರ್ಜೀನಿಯಾದ ರಿಚ್ಮಂಡ್ ನಗರಕ್ಕೆ ಹೋಗಿ, ಬಿಡುಗಡೆ ಹೊಂದಿದ ದಾಸರ ನೆರವಿಗಾಗಿ ಸರ್ಕಾರವು ಸ್ಥಾಪಿಸಿದ್ದ ಇಲಾಖೆಯ ಮೂಲಕ ಬಡವರಿಗೆ ಚಿಕಿತ್ಸೆ ಮಾಡಿದಳು. 1883ರಲ್ಲಿ ಆಕೆ ಪ್ರಕಟಿಸಿದ ವೈದ್ಯಗ್ರಂಥವು ಶಿಶುಪಾಲನೆಯನ್ನೂ ಸ್ತ್ರೀಯರ ಆರೋಗ್ಯವನ್ನೂ ಕುರಿತದ್ದು. ಅದನ್ನು ಆಕೆ ವೈದ್ಯಪಂಡಿತರಿಗೆ ಅರ್ಪಿಸಲಿಲ್ಲ. ತಾಯಂದಿರಿಗೂ ದಾದಿಯರಿಗೂ, ಪರರ ನೋವನ್ನು ಕಡಮೆ ಮಾಡಬೇಕೆನ್ನುವ ಎಲ್ಲರಿಗೂ ಅರ್ಪಿಸಿದಳು. ಮನೆಯ ಹೆಂಗಸಿನ ಕೈಗೆ ಶಾಸ್ತ್ರವನ್ನು ಒಪ್ಪಿಸಿದ ಈ ಕಾರ್ಯವು ನನ್ನ ದೃಷ್ಟಿಯಲ್ಲಿ ಆಕೆಯ ಪದವಿಗಿಂತಲೂ ಹಿರಿದು. ಆಕೆ 1895ರಲ್ಲಿ ತೀರಿಕೊಂಡಳು. ಸಮಾಧಿಗೆ ಹೆಸರಿನ ಕಲ್ಲು ಬಿದ್ದುದು 2020ರಲ್ಲಿ.

ಇತ್ತ ದಕ್ಷಿಣದ ಹಳ್ಳಿಗಳಲ್ಲಿ ಸೂಲಗಿತ್ತಿಯರ ಕಾಲವು ಮುಂದುವರಿದಿತ್ತು. 1921ರಲ್ಲಿ ತಾಯಿಶಿಶುಗಳ ರಕ್ಷಣೆಗೆಂದು ಕೇಂದ್ರಸರ್ಕಾರವು ಶಾಸನವೊಂದನ್ನು ಮಾಡಿ ಸಂಸ್ಥಾನಗಳಿಗೆ ಹಣ ಕೊಟ್ಟಿತು. ಅದರಿಂದ ಸೂಲಗಿತ್ತಿಯರಿಗೆ ಶಿಕ್ಷಣದ ತರಗತಿಗಳು ನಡೆದುವು. ಕೈ ತೊಳೆಯುವುದು, ಉಪಕರಣಗಳನ್ನು ಕುದಿಸುವುದು ಮುಂತಾದ ಒಳ್ಳೆಯ ಅಭ್ಯಾಸಗಳು ಬಂದುವು. ಜೊತೆಗೆ ಸರ್ಕಾರಿ ದಾದಿಯರು ಬಂದು ಅವರ ಚೀಲಗಳನ್ನು ಬಿಚ್ಚಿ ಪರೀಕ್ಷಿಸುವ ಪದ್ಧತಿಯೂ ಬಂತು. ಅಜ್ಜಿಯಿಂದ ಕಲಿತ ಬೇರು ಎಲೆಗಳು ಚೀಲದಲ್ಲಿ ಸಿಕ್ಕಿದರೆ ತಪ್ಪು. ಹಳೆಯದೆಲ್ಲವೂ ಹಿತವೆಂದು ನಾನು ಹೇಳುವವನಲ್ಲ. ಆದರೂ ಕಸದೊಡನೆ ಕಾಳನ್ನೂ ತೂರಿದರೆಂದು ತೋರುತ್ತದೆ. ಜಾರ್ಜಿಯಾದ ಮೇರಿ ಕೋಲಿ ಎಂಬಾಕೆ ಮೂರು ಸಾವಿರಕ್ಕೂ ಹೆಚ್ಚು ಶಿಶುಗಳನ್ನು ಕೈಯಲ್ಲಿ ಹಿಡಿದವಳು. 1953ರಲ್ಲಿ ಆಕೆಯ ಕೆಲಸವನ್ನೇ ಚಿತ್ರೀಕರಿಸಿ ಇತರ ಸೂಲಗಿತ್ತಿಯರಿಗೆ ಪಾಠವಾಗಿ ತೋರಿಸಿದರು. ಆಕೆಯನ್ನು ಗುರುವೆಂದು ಒಪ್ಪಿದ ವ್ಯವಸ್ಥೆಯೇ ಮುಂದೆ ಆಕೆಯ ವೃತ್ತಿಯನ್ನು ಮುಚ್ಚಿಸಿತು. ಆಲಬಾಮಾದಲ್ಲಿ 1976ರ ಶಾಸನವು ಇಂಥ ಸೂಲಗಿತ್ತಿಯರನ್ನು ನಿಷೇಧಿಸಿತು.

ವಿದ್ಯಾವಂತ ಸ್ತ್ರೀಯರೂ ಸುಮ್ಮನೆ ಕುಳಿತಿರಲಿಲ್ಲ. 1908ರಲ್ಲಿ ಹವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾ ಎಂಬ ಕಪ್ಪು ವಿದ್ಯಾರ್ಥಿನಿಯರ ಸಂಘವು 1935ರಿಂದ 1942ರ ವರೆಗೆ ಪ್ರತಿ ಬೇಸಗೆಯಲ್ಲಿಯೂ ಮಿಸಿಸಿಪ್ಪಿಯ ಹಳ್ಳಿಗಳಿಗೆ ವೈದ್ಯತಂಡವನ್ನು ಕಳುಹಿಸಿತು. ಡಾಕ್ಟರ್ ಡೊರೊತಿ ಫೆರೆಬಿ ಇದರ ನಾಯಕಿ. ಮೊದಲನೆಯ ವರ್ಷವೇ ರೈಲಿನಲ್ಲಿ ಇವರಿಗೆ ಟಿಕೀಟು ಸಿಕ್ಕಲಿಲ್ಲವಾಗಿ ತಮ್ಮ ಮೋಟಾರುಗಳಲ್ಲಿಯೇ ಹೊರಟರು. ಊರು ಸೇರಿದರೆ ಅಲ್ಲಿ ಇನ್ನೊಂದು ಅಡ್ಡಿ. ಪಾಲಿಗೆ ಗೇಯುವ ಕಪ್ಪು ಒಕ್ಕಲುಗಳು ಹೊಲ ಬಿಟ್ಟು ಚಿಕಿತ್ಸಾಲಯಕ್ಕೆ ಹೋಗಕೂಡದೆಂದು ಜಮೀನ್ದಾರರು ತಡೆದರು. ರೋಗಿಯು ವೈದ್ಯನಲ್ಲಿಗೆ ಬಾರದಿದ್ದರೆ ವೈದ್ಯನೇ ರೋಗಿಯಲ್ಲಿಗೆ ಹೋಗಬೇಕಷ್ಟೆ. ಮೋಟಾರುಗಳೇ ಆಸ್ಪತ್ರೆಗಳಾಗಿ ಹತ್ತಿಯ ಹೊಲಗಳ ಅಂಚಿಗೆ ಹೋದುವು. ಆ ಬೇಸಗೆಗಳಲ್ಲಿ ಸಿಡುಬು, ಡಿಫ್ತೀರಿಯಾಗಳ ವಿರುದ್ಧ ಚುಚ್ಚುಮದ್ದು ಪಡೆದ ಮಕ್ಕಳು 15,000ಕ್ಕೂ ಹೆಚ್ಚು.

ಅದೇ ಮಿಸಿಸಿಪ್ಪಿಯಲ್ಲಿ 1961ರಲ್ಲಿ ಫ್ಯಾನಿ ಲೂ ಹೇಮರ್ ಎಂಬ ಕೂಲಿಯ ಹೆಂಗಸು ಹೊಟ್ಟೆಯಲ್ಲಿದ್ದ ಗೆಡ್ಡೆಯೊಂದನ್ನು ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದಳು. ವೈದ್ಯನು ಆಕೆಯನ್ನು ಕೇಳದೆಯೇ ಗರ್ಭಾಶಯವನ್ನೇ ತೆಗೆದನು. ಇದು ಆ ಸೀಮೆಯಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ ಅದಕ್ಕೊಂದು ಅಡ್ಡಹೆಸರೇ ಬಿದ್ದಿತ್ತು. ಮರುವರ್ಷ ಆಕೆ ಮತದಾರರ ಪಟ್ಟಿಗೆ ಹೆಸರು ಬರೆಯಿಸಲು ಹೊರಟು ಮನೆಯನ್ನೂ ಕೆಲಸವನ್ನೂ ಕಳೆದುಕೊಂಡಳು. 1963ರಲ್ಲಿ ಸೆರೆಮನೆಯಲ್ಲಿ ಪೆಟ್ಟು ತಿಂದಳು. 1964ರಲ್ಲಿ ಇಡೀ ದೇಶವು ಆಕೆಯ ಮಾತನ್ನು ಕೇಳಿತು. 1969ರಲ್ಲಿ ಬಡವರಿಗಾಗಿ ಸಹಕಾರಿ ಬೇಸಾಯವನ್ನು ಆರಂಭಿಸಿದಳು. ಹಸಿದ ಹೊಟ್ಟೆಗೆ ಯಾವ ಔಷಧವೂ ಹಿಡಿಯದೆಂಬುದನ್ನು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ.

1973ರಲ್ಲಿ ಸಿಮ್ಸನ ಊರಾದ ಮಾಂಟ್ಗಾಮರಿಯಲ್ಲಿಯೇ ಸರ್ಕಾರದ ಹಣದಿಂದ ನಡೆಯುತ್ತಿದ್ದ ಚಿಕಿತ್ಸಾಲಯವೊಂದರ ಮೂಲಕ, 14 ಮತ್ತು 12 ವರ್ಷದ ಇಬ್ಬರು ಅಕ್ಕತಂಗಿಯರಿಗೆ ಸಂತಾನಶಕ್ತಿಯನ್ನು ಹೋಗಲಾಡಿಸುವ ಶಸ್ತ್ರಕ್ರಿಯೆಯನ್ನು ಮಾಡಿಸಿದರು. ತಾಯಿಗೆ ಓದುಬರಹ ಬಾರದು. ಎಂದಿನ ಚುಚ್ಚುಮದ್ದಿಗೆಂದು ತಿಳಿದು ಆಕೆ ಕಾಗದದ ಮೇಲೆ ಅಡ್ಡಗೆರೆಗಳೆರಡರ ಗುರುತು ಹಾಕಿದ್ದಳು. ಉಪಾಧ್ಯಾಯವೃತ್ತಿಯಲ್ಲಿದ್ದಾಗ ನನ್ನ ಮೇಜಿನ ಮುಂದೆ ನಿಂತು, ಏನು ಬರೆದಿದೆಯೆಂದು ಕೇಳದೆ ಹೆಬ್ಬೆಟ್ಟು ಒತ್ತಿ ಹೋದ ತಾಯಂದಿರನ್ನು ನಾನು ಕಂಡಿರುವೆನು. ಆದುದರಿಂದ ಆ ಎರಡು ಗೆರೆಗಳ ಸಂಗತಿಯನ್ನು ಓದಿದಂದಿನಿಂದ ಅದು ನನ್ನ ಮನಸ್ಸನ್ನು ಬಿಟ್ಟಿಲ್ಲ. ಮೊಕದ್ದಮೆ ನಡೆದು, ಇಂಥ ಶಸ್ತ್ರಕ್ರಿಯೆಗೆ ತಿಳಿದುಕೊಟ್ಟ ಒಪ್ಪಿಗೆಯು ಆವಶ್ಯಕವೆಂಬ ನಿಯಮಗಳು ಬರುವುದಕ್ಕೆ ಈ ಪ್ರಕರಣವು ಕಾರಣವಾಯಿತು.

ಮುಂದಿನ ಹೆಜ್ಜೆಯು ಆಸ್ಪತ್ರೆಯಲ್ಲಿಯೂ ಅಲ್ಲ, ನ್ಯಾಯಾಲಯದಲ್ಲಿಯೂ ಅಲ್ಲ; ಮಾತಿನಲ್ಲಿ. ಬಿಲ್ಲೀ ಏವರಿಯವರು 1937ರಲ್ಲಿ ಹುಟ್ಟಿದವರು. 1970ರಲ್ಲಿ ಅವರ ಪತಿಯು 33ನೆಯ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಓದಿದ ಮನೆಯವರಾಗಿಯೂ ಆರೋಗ್ಯದ ವಿಷಯದಲ್ಲಿ ತಮಗೆ ಎಷ್ಟು ಅಲ್ಪವಾಗಿ ತಿಳಿದಿತ್ತೆಂಬುದು ಅವರಿಗೆ ಆಗ ಹೊಳೆಯಿತು. 1974ರಲ್ಲಿ ಗೆಳತಿಯರೊಡನೆ ಫ್ಲಾರಿಡಾದ ಗೇನ್ಸ್‌ವಿಲ್ಲಿನಲ್ಲಿ ಸ್ತ್ರೀಯರ ಆರೋಗ್ಯಕೇಂದ್ರವನ್ನೂ, 1978ರಲ್ಲಿ ಹೆರಿಗೆಮನೆಯೊಂದನ್ನೂ ತೆರೆದರು. 1983ರ ಜೂನಿನಲ್ಲಿ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನಲ್ಲಿ ಅವರು ಕರೆದ ಸಮ್ಮೇಳನಕ್ಕೆ ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿ ಕಪ್ಪು ಸ್ತ್ರೀಯರು ಬಂದರು. ಮರುವರ್ಷ ಅದು ರಾಷ್ಟ್ರೀಯ ಸಂಸ್ಥೆಯಾಗಿ ನೆಲೆಗೊಂಡಿತು. ಅದರ ಮುಖ್ಯ ಉಪಾಯವು ಅತ್ಯಂತ ಸರಳ. ಹತ್ತಾರು ಹೆಂಗಸರು ವೃತ್ತವಾಗಿ ಕುಳಿತು ತಮ್ಮ ತಮ್ಮ ಬಾಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ರಕ್ತದ ಒತ್ತಡ, ಮಧುಮೇಹಗಳ ಮಾತೆಂದು ಆರಂಭವಾಗಿ, ಮನೆಯೊಳಗಿನ ಪೆಟ್ಟು, ಬಾಲ್ಯದಲ್ಲಿ ಬಂಧುಗಳಿಂದಲೇ ಆದ ಅತ್ಯಾಚಾರ, ಯಾರಿಗೂ ಹೇಳದೆ ನುಂಗಿದ ದುಃಖ, ಇವೆಲ್ಲ ಹೊರಬಂದುವು. ಎಲ್ಲರನ್ನೂ ಹೊರುವವಳು, ಎಂದೂ ದಣಿಯದವಳು ಎಂಬ ಹೊಗಳಿಕೆಯೇ ಎಷ್ಟು ದೊಡ್ಡ ಹೊರೆಯೆಂಬುದು ಅಲ್ಲಿ ಅವರಿಗೆ ಕಂಡಿತು. (ನಮ್ಮ ಮನೆಗಳಲ್ಲಿಯೂ ಈ ಹೊಗಳಿಕೆಯು ಅಪರೂಪವೇನಲ್ಲ.) ತಾಯಂದಿರೂ ಹೆಣ್ಣುಮಕ್ಕಳೂ ಎದುರುಬದರು ಕುಳಿತು ಮೈನೆರೆಯುವಿಕೆಯ ವಿಷಯವನ್ನು ಸಂಕೋಚವಿಲ್ಲದೆ ಆಡುವ ಚಿತ್ರವೊಂದನ್ನೂ ಈ ಸಂಸ್ಥೆಯು 1987ರಲ್ಲಿ ಹೊರತಂದಿತು.

ಕವಯಿತ್ರಿ ಆಡ್ರಿ ಲಾರ್ಡಳು ತನ್ನ ಅರ್ಬುದರೋಗದ ದಿನಚರಿಯನ್ನು 1980ರಲ್ಲಿ ಪ್ರಕಟಿಸಿದಳು. ತನ್ನ ಮೈಯನ್ನು ತಾನು ಕಾಪಾಡಿಕೊಳ್ಳುವುದು ಭೋಗವಲ್ಲ, ಹೋರಾಟದ ಒಂದು ಭಾಗವೆಂದು 1988ರ ಪುಸ್ತಕದಲ್ಲಿ ವಾದಿಸಿದಳು. ಆ ಮಾತನ್ನು ಈಗ ಸುಗಂಧತೈಲ, ಸ್ನಾನಚೂರ್ಣಗಳ ವರ್ತಕರು ತಮ್ಮ ಜಾಹೀರಾತಿಗೆ ಎರವಲು ಪಡೆದಿರುವರು. ಯಕೃತ್ತಿಗೆ ಹರಡಿದ ರೋಗದೊಡನೆ ಸೆಣಸುತ್ತಿದ್ದ ಸ್ತ್ರೀಯೊಬ್ಬಳು ಅದನ್ನು ಬರೆದಳೆಂಬುದು ಕೊಳ್ಳುವವರಿಗೆ ತಿಳಿದಿರಲಾರದು.

ಲೆಕ್ಕವು ಇನ್ನೂ ತೀರಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ಬಿಳಿಯ ತಾಯಂದಿರ ಮರಣಪ್ರಮಾಣವು 14.5 ಇದ್ದರೆ ಕಪ್ಪು ತಾಯಂದಿರದು 50.3. ಓದು, ಹಣಗಳಿದ್ದ ಮಾತ್ರಕ್ಕೆ ಈ ಅಂತರವು ಅಳಿಯದೆಂದು ಅಲ್ಲಿಯ ಸಂಶೋಧಕರು ತೋರಿಸಿರುವರು. ನೋವಾಗುತ್ತಿದೆಯೆಂದು ಕಪ್ಪು ಹೆಂಗಸು ಹೇಳಿದರೆ ನಂಬದಿರುವ ಅಭ್ಯಾಸವು ಈಥರಿಲ್ಲದ ಆ ಪುಟ್ಟ ಆಸ್ಪತ್ರೆಯ ಕಾಲದಿಂದಲೂ ಬಂದುದು. ಹೆರಿಗೆಯಲ್ಲಿ ಜೊತೆಗಿದ್ದು ತಾಯಿಯ ಪರವಾಗಿ ಮಾತನಾಡುವ ಸಂಗಾತಿಯರನ್ನೂ ಸೂಲಗಿತ್ತಿಯರನ್ನೂ ತಮ್ಮವರಲ್ಲಿಯೇ ತರಬೇತುಗೊಳಿಸುವ ಕೆಲಸವನ್ನು ಈಚೆಗೆ ಹಲವು ಸಂಘಗಳು ಕೈಗೊಂಡಿವೆ.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬದಿಯಲ್ಲಿ ಬಹುಕಾಲ ನಿಂತಿದ್ದ ಸಿಮ್ಸನ ಪ್ರತಿಮೆಯನ್ನು 2018ರ ಏಪ್ರಿಲಿನಲ್ಲಿ ಅಲ್ಲಿಂದ ತೆಗೆದರು. 2021ರಲ್ಲಿ ಮಾಂಟ್ಗಾಮರಿಯಲ್ಲಿ ಮಿಷೆಲ್ ಬ್ರೌಡರ್ ಎಂಬ ಕಲಾವಿದೆಯು ಜನರು ಬಿಸುಟ ಲೋಹದ ತುಂಡುಗಳನ್ನು ಬೆಸೆದು ಮೂವರು ಸ್ತ್ರೀಯರ ಎತ್ತರವಾದ ಮೂರ್ತಿಗಳನ್ನು ನಿಲ್ಲಿಸಿರುವರು. ಅನಾರ್ಕಾ, ಲೂಸಿ, ಬೆಟ್ಸಿ. ಮೂವರಲ್ಲಿ ಅನಾರ್ಕಾಳ ಮೂರ್ತಿಯು ಸುಮಾರು 15 ಅಡಿ ಎತ್ತರವಿದೆ.