ಭೂತಾನ್ ಕಾಡಿನ 30 ಶಿಬಿರಗಳು

2003ರ ಡಿಸೆಂಬರ್ 15ರಂದು ಭೂತಾನ್ ಯುದ್ಧಕ್ಕಿಳಿಯಿತು. ಬ್ರಿಟಿಷರ ಜತೆಗಿನ ದ್ವಾರ್ ಯುದ್ಧ 1865ರಲ್ಲಿ ಮುಗಿದ ಮೇಲೆ ಆ ನಾಡು ಇಂಥದ್ದೊಂದು ಕಾಳಗ ಕಂಡಿರಲಿಲ್ಲ. ಕೆಲವೇ ಸಾವಿರ ಸೈನಿಕರ ಪುಟ್ಟ ಪಡೆ. ಮುಂದಾಳಾಗಿ ಖುದ್ದು ದೊರೆ ಜಿಗ್ಮೆ ಸಿಂಗ್ಯೆ ವಾಂಗ್ಚುಕ್. ಎದುರಿಗಿದ್ದವರು ಭಾರತದಿಂದ ಬಂದು ದಕ್ಷಿಣದ ಕಾಡುಗಳಲ್ಲಿ ಬೀಡುಬಿಟ್ಟಿದ್ದ ಬಂಡುಕೋರರು.

ಅಸ್ಸಾಮಿನಲ್ಲಿ 1990ರ ಕೊನೆಗೆ ‘ಬಜರಂಗ್’, ಮರುವರ್ಷ ‘ರೈನೊ’ ಸೇನಾ ಕಾರ್ಯಾಚರಣೆಗಳು ನಡೆದಾಗ ಅಲ್ಲಿನ ಪ್ರತ್ಯೇಕತಾವಾದಿ ಸಂಘಟನೆ ಉಲ್ಫಾ ಗಡಿ ದಾಟಿತು. ಬೋಡೊಗಳ ಎನ್‌ಡಿಎಫ್‌ಬಿ, ಉತ್ತರ ಬಂಗಾಳದ ಕೆಎಲ್‌ಒ ಸಂಘಟನೆಗಳೂ ಅದೇ ದಾರಿ ಹಿಡಿದವು. ಉಲ್ಫಾದ 13, ಎನ್‌ಡಿಎಫ್‌ಬಿಯ 12, ಕೆಎಲ್‌ಒದ 5 ಶಿಬಿರಗಳು ಅಲ್ಲಿ ತಲೆಯೆತ್ತಿದವು.

ಭೂತಾನ್ ಅವರನ್ನು ಕೂಡಲೇ ಯಾಕೆ ಓಡಿಸಲಿಲ್ಲ? ಉತ್ತರ ರಸ್ತೆಯಲ್ಲಿದೆ. ಪೂರ್ವದ ಸಮದ್ರುಪ್ ಜೊಂಗ್‌ಖಾರ್‌ನಿಂದ ಪಶ್ಚಿಮದ ಫುಂಟ್‌ಶೋಲಿಂಗ್‌ಗೆ ಹೋಗುವ ಲಾರಿ, ಬಸ್ಸುಗಳು ಬೆಟ್ಟದ ಸುತ್ತುದಾರಿ ಬಿಟ್ಟು ಅಸ್ಸಾಮಿನ ಬಯಲಿಗಿಳಿದು ಸಾಗುತ್ತಿದ್ದವು. ಬಂಡುಕೋರರು ಸಿಟ್ಟಿಗೆದ್ದರೆ ಆ ಪ್ರಯಾಣಿಕರಿಗೆ ದಿಕ್ಕಿಲ್ಲ. 2000ದ ಡಿಸೆಂಬರ್‌ನಲ್ಲಿ ಆ ದಾರಿಯಲ್ಲೇ ಹತ್ತಕ್ಕೂ ಹೆಚ್ಚು ಭೂತಾನೀಯರು ಹತ್ಯೆಯಾದರು. ರಾಷ್ಟ್ರೀಯ ಸಭೆಯಲ್ಲಿ ವರ್ಷ ವರ್ಷವೂ ಇದೇ ಚರ್ಚೆ. ಸರ್ಕಾರ ಬಂಡುಕೋರ ನಾಯಕರೊಂದಿಗೆ ಮತ್ತೆ ಮತ್ತೆ ಮಾತುಕತೆಗೆ ಕೂತಿತು. ನಾಲ್ಕು ಶಿಬಿರ ಮುಚ್ಚುವುದಾಗಿ 2001ರ ಜೂನ್‌ನಲ್ಲಿ ಉಲ್ಫಾ ಒಪ್ಪಿತು, ಆದರೆ ಕಾಡು ಬಿಡಲಿಲ್ಲ. ಈ ತಾಳ್ಮೆಯನ್ನು ಅಂಜಿಕೆ ಎನ್ನುವುದು ಅನ್ಯಾಯ. ತಪ್ಪು ಹೆಜ್ಜೆಗೆ ಬೆಲೆ ತೆರಬೇಕಾದವರು ಆ ಬಸ್ಸುಗಳಲ್ಲಿ ಕೂತ ಸಾಮಾನ್ಯ ಜನ.

ಕೊನೆಗೆ 48 ಗಂಟೆಗಳ ಗಡುವು ಕೊಟ್ಟು ದಾಳಿ ಶುರುವಾಯಿತು. ಕಾಡಿನೊಳಗೆ ಹೋರಾಡಿದ್ದು ಭೂತಾನ್ ಸೇನೆ. ಭಾರತೀಯ ಸೇನೆ ತನ್ನ ಬದಿಯ ಗಡಿ ಮುಚ್ಚಿ, ತಪ್ಪಿಸಿಕೊಂಡು ಬಂದವರನ್ನು ಹಿಡಿಯಿತು. ದೊಡ್ಡ ನೆರೆರಾಷ್ಟ್ರ ಹೀಗೆ ಗಡಿಯಲ್ಲೇ ನಿಂತದ್ದು ಸಣ್ಣ ವಿಷಯವಲ್ಲ. ಭೂತಾನಿನ ಸಾರ್ವಭೌಮತ್ವದ ಮಾನ ಉಳಿದದ್ದು ಅದರಿಂದಲೇ. ಮೂವತ್ತೂ ಶಿಬಿರಗಳು ನೆಲಸಮವಾದವು. ಉಲ್ಫಾದ ಹಿರಿಯ ಮುಖಂಡ ಭೀಮಕಾಂತ ಬುಢಾಗೊಹಾಯಿ ಸೆರೆಯಾದರು. ಭೂತಾನ್ ತನ್ನ 11 ಸೈನಿಕರನ್ನು ಕಳೆದುಕೊಂಡಿತು.

ಥಿಂಫುವಿನಿಂದ ಪುನಾಖಾಕ್ಕೆ ಹೋಗುವ ದಾರಿಯ ದೋಚುಲಾ ಕಣಿವೆಮಾರ್ಗದಲ್ಲಿ ಆ ಸೈನಿಕರ ನೆನಪಿಗೆ ರಾಣಿ ಆಶಿ ದೋರ್ಜಿ ವಾಂಗ್ಮೊ ಕಟ್ಟಿಸಿದ 108 ಸ್ತೂಪಗಳಿವೆ. ಕೆಳಗಿನ ಸಾಲಿನಲ್ಲಿ 45, ನಡುವೆ 36, ಮೇಲೆ 27. ಬಿಳಿ ಗೋಡೆ, ಕೆಂಪು ಪಟ್ಟಿ.

1949ರ ಭಾರತ–ಭೂತಾನ್ ಒಪ್ಪಂದದಲ್ಲಿ, ವಿದೇಶಾಂಗ ವಿಷಯಗಳಲ್ಲಿ ಭೂತಾನ್ ಭಾರತದ ಸಲಹೆಯಂತೆ ನಡೆಯಬೇಕೆಂಬ ಷರತ್ತಿತ್ತು. 2007ರ ಹೊಸ ಒಪ್ಪಂದ ಅದನ್ನು ಕೈಬಿಟ್ಟು, ಒಬ್ಬರ ಭದ್ರತೆಗೆ ಧಕ್ಕೆ ತರುವ ಕೆಲಸಕ್ಕೆ ಇನ್ನೊಬ್ಬರು ತಮ್ಮ ನೆಲ ಕೊಡಬಾರದು ಎಂದಿತು. ಭೂತಾನ್ ನಾಲ್ಕು ವರ್ಷ ಮೊದಲೇ ಮಾಡಿ ತೋರಿಸಿದ್ದು ಕಾಗದದ ಮೇಲೆ ಬಂದದ್ದು ಹೀಗೆ.

ಉಲ್ಫಾ ನಾಯಕರಿಗೆ ಬಾಂಗ್ಲಾದೇಶದಲ್ಲಿ ಸಿಕ್ಕಿದ್ದ ಆಶ್ರಯವೂ ಹೆಚ್ಚು ಕಾಲ ಉಳಿಯಲಿಲ್ಲ. ಶೇಖ್ ಹಸೀನಾ ಮತ್ತೆ ಪ್ರಧಾನಿಯಾದ 2009ರಲ್ಲಿ ಉಲ್ಫಾ ಅಧ್ಯಕ್ಷ ಅರಬಿಂದ ರಾಜಖೋವಾ ಭಾರತದ ವಶಕ್ಕೆ ಬಂದರು. 2015ರಲ್ಲಿ ಉಲ್ಫಾದ ಮತ್ತೊಬ್ಬ ನಾಯಕ ಅನೂಪ್ ಚೇಟಿಯಾ. ರಾಜಖೋವಾ ಬಣ 2023ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರದೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿತು. ಉಲ್ಫಾದ ಇನ್ನೊಂದು ಬಣ, ಪರೇಶ್ ಬರುವಾ ಅವರದು, ಸಹಿ ಹಾಕಲಿಲ್ಲ. ಅದರ ನೆಲೆಗಳು ಮ್ಯಾನ್ಮಾರ್ ಗಡಿಯಾಚೆ ಉಳಿದವು.