ಫರಂಗಿಗಳ ಸಮುದ್ರ ನೀತಿ ಮತ್ತು ನಮ್ಮ ಕರಾವಳಿ

ಅಮೆರಿಕದ ಕೊಲ್ಲಿ ರಾಜಕೀಯದ ಬಗ್ಗೆ ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಆದರೆ ಐನೂರು ವರ್ಷಗಳ ಹಿಂದೆ ಅದೇ ಕೊಲ್ಲಿಯನ್ನೂ ನಮ್ಮ ನೇತ್ರಾವತಿಯ ಅಳಿವೆಯನ್ನೂ ಒಟ್ಟಿಗೇ ಹಿಡಿಯಲು ಹೊರಟ ಮಹಾಶಕ್ತಿಯೊಂದಿತ್ತು. ಅರಬರ ಬಾಯಲ್ಲಿ 'ಇಫ್ರಂಜಿ', ಪಾರ್ಸಿಯಲ್ಲಿ 'ಫರಂಗಿ' ಎಂದಾದ ಆ ಪದ ನಮ್ಮ ಊರಿನ ಹೆಸರಿನಲ್ಲೇ ಉಳಿದಿದೆ.

ಪೋರ್ಚುಗೀಸರು ಬರುವ ಮೊದಲು ಈ ಸಮುದ್ರಕ್ಕೆ ಒಬ್ಬ ಯಜಮಾನನೆಂದು ಇರಲಿಲ್ಲ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ, ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರೆಂದು ಬರೆದಿದ್ದಾನೆ. ಊರವರಿಗೂ ಅವರಿಗೂ ಆಗಾಗ ಜಗಳವಾಗುತ್ತಿತ್ತಂತೆ. ವರ್ತಕರು ಬೇಕಾಗಿದ್ದರಿಂದ ಅರಸನೇ ರಾಜಿ ಮಾಡಿಸುತ್ತಿದ್ದ. ಎಲ್ಲವೂ ಸುಖವಾಗಿತ್ತು ಎನ್ನಲಾಗದು, ಆದರೆ ವ್ಯಾಪಾರಕ್ಕೆ ಯಾರ ಪರವಾನಗಿಯೂ ಬೇಕಿರಲಿಲ್ಲ.

1498ರ ನಂತರ ಎಲ್ಲವೂ ಬದಲಾಯಿತು. 1502ರಲ್ಲಿ ವಾಸ್ಕೋ ಡ ಗಾಮ ಮಕ್ಕಾ ಯಾತ್ರಿಕರಿದ್ದ ಹಡಗನ್ನು ಜನರ ಸಮೇತ ಸುಟ್ಟ. 1510ರಲ್ಲಿ ಗೋವ, 1511ರಲ್ಲಿ ಮಲಕ್ಕ, 1515ರಲ್ಲಿ ಹೊರ್ಮುಜ್ ಅವರ ವಶವಾದವು. ಪೋರ್ಚುಗಲ್ ಒಂದು ಪುಟ್ಟ ದೇಶ; ಅದಕ್ಕೆ ವಿಶಾಲ ಭೂಮಿ ಬೇಕಿರಲಿಲ್ಲ, ಹಡಗುಗಳು ಹಾದುಹೋಗುವ ಇಕ್ಕಟ್ಟಾದ ಬಾಯಿಗಳು ಸಾಕಿದ್ದವು. 'ಕಾರ್ತಾಜ್' ಎಂಬ ರಹದಾರಿ ಇಲ್ಲದ ಹಡಗನ್ನು ಜಪ್ತಿ ಮಾಡುತ್ತಿದ್ದರು. ರಹದಾರಿ ಪಡೆದವನು ಅವರ ಬಂದರಿನಲ್ಲಿ ಸುಂಕ ಕಟ್ಟಬೇಕು, ಕಾಳುಮೆಣಸನ್ನು ಮುಟ್ಟಬಾರದು. ತಮ್ಮದೇ ಸಮುದ್ರದಲ್ಲಿ ಓಡಾಡಲು ನಮ್ಮವರು ಹಣ ತೆರಬೇಕಾಯಿತು!

ನಮ್ಮ ಕರಾವಳಿಯಲ್ಲಿ ಅವರ ಕಣ್ಣು ಬಿದ್ದದ್ದು ಅಕ್ಕಿಯ ಮೇಲೆ. ಅರಸರಿಂದ ಅಕ್ಕಿಯನ್ನೇ ಕಪ್ಪವಾಗಿ ಕೇಳಿದರು. 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಅರಸರ ನಡುವಿನ ವೈಮನಸ್ಸು ಅವರಿಗೆ ದೊಡ್ಡ ಆಯುಧವಾಗಿತ್ತು: ಮಂಗಳೂರಿನ ಬಂಗರಸರು ಅವರ ಪಕ್ಷ, ಉಳ್ಳಾಲದ ಜೈನ ರಾಣಿ ಅಬ್ಬಕ್ಕ ವಿರೋಧ ಪಕ್ಷ. 1570ರಲ್ಲಿ ಬಿಜಾಪುರದ ಅಲಿ ಆದಿಲ್ ಶಾ, ಅಹಮದ್‌ನಗರದ ನಿಜಾಮ್ ಶಾ, ಕಲ್ಲಿಕೋಟೆಯ ಸಾಮೂದಿರಿ ಒಂದಾಗಿ ನಿಂತರೂ ಗೋವ ಬೀಳಲಿಲ್ಲ. 1571ರಲ್ಲಿ ಸಾಮೂದಿರಿ ಚಾಲಿಯಂ ಕೋಟೆಯನ್ನು ಗೆದ್ದ, ಬಿಜಾಪುರ ಮಾತ್ರ ಸಂಧಿ ಮಾಡಿಕೊಂಡಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಇಲ್ಲಿಗೆ ಬಂದಾಗಲೂ ಉಳ್ಳಾಲ-ಬಂಗರ ಜಗಳ ಮುಗಿದಿರಲಿಲ್ಲ.

ಈ ಅಧಿಕಾರ ಕರಗಿದ್ದು ಕೊಲ್ಲಿಯಿಂದ. 1622ರಲ್ಲಿ ಇರಾನಿನ ಷಾ ಅಬ್ಬಾಸ್ ಹೊರ್ಮುಜನ್ನು ಗೆದ್ದ, ಇಂಗ್ಲಿಷ್ ಹಡಗುಗಳ ನೆರವಿನಿಂದ. ಮುಂದಿನ ಯಜಮಾನ ಒಳಬಂದದ್ದೂ ಹೀಗೆಯೇ. 1650ರಲ್ಲಿ ಮಸ್ಕತ್ ಒಮಾನಿಗಳ ಪಾಲಾಯಿತು. ಅದೇ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ನಮ್ಮ ಕರಾವಳಿಯ ಕೋಟೆಗಳನ್ನು ಕಿತ್ತುಕೊಂಡ. ಆದರೂ ಈ ಕಲಹದ ಬೆಂಕಿ ಊರಿಗೆ ತಗಲದೆ ಬಿಡಲಿಲ್ಲ. ಅರಬ್ ವ್ಯಾಪಾರಕ್ಕೆ ಪೋರ್ಚುಗೀಸರು ಹೇರಿದ ನಿರ್ಬಂಧದ ಸೇಡಿಗೆ 1695ರಲ್ಲಿ ಅರಬರು ಸುಟ್ಟದ್ದು ಮಂಗಳೂರನ್ನು.